ಮೈ ನೆನಪಿಟ್ಟುಕೊಂಡ ಹದಿನಾಲ್ಕು ಸೂಜಿ

ಹುಚ್ಚುನಾಯಿ ಕಡಿದವರು ನೀರು ಕಂಡರೆ ಅಂಜುತ್ತಾರೆ ಎನ್ನುವುದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಹಾಗಾಗಿ ಹುಬ್ಬಳ್ಳಿಯ ದವಾಖಾನೆಯಲ್ಲಿ ನಾನು ಎರಡೂ ಕಾಲು ಸತ್ತು ಮಲಗಿದ್ದಾಗ, ನನ್ನ ಗಂಡ ಬಸವರಾಜ ಬೆಳಿಗ್ಗೆ ಎದ್ದ ಕೂಡಲೇ ಮಾಡುತ್ತಿದ್ದ ಮೊದಲ ಕೆಲಸವೆಂದರೆ ನನ್ನ ಬಾಯಿಗೆ ನೀರಿನ ಲೋಟ ಹಿಡಿಯುವುದು. "ಕುಡಿ, ಒಂದ ಗುಟುಕು ಕುಡಿ" ಎನ್ನುತ್ತಿದ್ದರು. ದನಿ ಮೆತ್ತಗಿರುತ್ತಿತ್ತು. ಕಣ್ಣು ಮಾತ್ರ ನನ್ನ ಗಂಟಲ ಮೇಲೆ ನೆಟ್ಟಿರುತ್ತಿತ್ತು. ನೀರು ಒಳಗೆ ಇಳಿದರೆ ನಾನು ಇನ್ನೊಂದು ದಿನ ಉಳಿದೆ ಎಂದು ಇಬ್ಬರೂ ಉಸಿರು ಬಿಡುತ್ತಿದ್ದೆವು.

ನಾನು ರೋಣದಲ್ಲಿ ಅಂಗನವಾಡಿ ಕಾರ್ಯಕರ್ತೆ. ಹೆಸರು ಸುಮಂಗಲಾ. ತವರು ಬೆಳವಣಕಿ. ಗಂಡನದು ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತಿ ಕೊಡುವ ಅಂಗಡಿ. ಮನೆಯಲ್ಲಿ ನಾವಿಬ್ಬರು, ಮಗಳು ಅಕ್ಷತಾ, ಮತ್ತು ನಮ್ಮ ಮಾವ. ಮಾವ ಬಸ್ ಕಂಡಕ್ಟರ್ ಆಗಿದ್ದವರು. ರೋಣದಿಂದ ನರಗುಂದ, ರೋಣದಿಂದ ಗಜೇಂದ್ರಗಡ, ಈ ಎರಡು ದಾರಿಯಲ್ಲೇ ಅವರ ಆಯುಷ್ಯ ಕಳೆದಿತ್ತು. ನಿವೃತ್ತಿಯಾಗಿ ಕೆಲವು ವರ್ಷಕ್ಕೆ ಅವರಿಗೆ ಮರೆವು ಶುರುವಾಯಿತು. ಮೊದಲು ಚಷ್ಮಾ ಎಲ್ಲಿಟ್ಟೆ ಎನ್ನುತ್ತಿದ್ದರು. ಆಮೇಲೆ ಊಟ ಮಾಡಿದ್ದನ್ನು ಮರೆತರು. ಆಮೇಲೆ ತೀರಿಹೋದ ಅತ್ತೆಯವರನ್ನು "ಎಲ್ಲಿ ಹೋಗ್ಯಾಳ ಆಕಿ?" ಎಂದು ದಿನಾ ಕೇಳತೊಡಗಿದರು. ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಎಂದು ನಾವು ಸುಮ್ಮನಿದ್ದೆವು. ಒಂದು ದಿನ ಮನೆಗೆ ಬಂದ ಬೀಗರ ಮುಂದೆ ಕೈ ಚಾಚಿ "ಟಿಕೇಟ್ ತಗೀರಿ" ಎಂದಾಗ ನನ್ನ ಗಂಡ ಅವರನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋದರು.

ಅಲ್ಲಿ ನರರೋಗ ನೋಡುವ ಒಬ್ಬ ಹೆಣ್ಣು ಡಾಕ್ಟರ್ ಇದ್ದರು, ಎಲ್ಲರೂ ಅವರನ್ನು ಡಾಕ್ಟರ್ ಬಾಯಿ ಎನ್ನುತ್ತಿದ್ದರು. ಧಾರವಾಡದ ಕಡೆಯವರು, ಮಾತು ನಿಧಾನ. ಮಾವನನ್ನು ಬಹಳ ಹೊತ್ತು ಮಾತಾಡಿಸಿ, ತಲೆಯ ಸ್ಕ್ಯಾನ್ ನೋಡಿ, "ಇದಕ್ಕ ಅಲ್ಝೈಮರ್ ಅಂತಾರ" ಎಂದರು. "ಹಿಂದಕ್ಕ ತರೋ ಔಷಧ ಇಲ್ಲ. ಜೋಪಾನ ಮಾಡಬೇಕು, ಅಷ್ಟ." ನನ್ನ ಗಂಡ ಹೊರಗೆ ಬಂದು ಬೆಂಚಿನ ಮೇಲೆ ಕೂತು, ತಂದೆಯ ಚಪ್ಪಲಿ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಆಗಿದ್ದನ್ನು ತಿರುಗಿಸಿ ಹಾಕಿದರು.

ಎರಡು ಸಾವಿರದ ಇಸವಿ ದಾಟಿ ಮೂರೋ ನಾಲ್ಕೋ ವರ್ಷವಾಗಿತ್ತು. ಹಿಂಗಾರಿ ಜೋಳ ತೆನೆ ಹಿಡಿದಿದ್ದ ಚಳಿಗಾಲ. ಒಂದು ಬೆಳಿಗ್ಗೆ ನಾನು ಹಿತ್ತಲಲ್ಲಿ ನೀರು ಕಾಸುತ್ತಿದ್ದಾಗ ಮಾವ ಖಾಕಿ ಅಂಗಿ ಹಾಕಿಕೊಂಡು ಬಾಗಿಲು ತೆಗೆದು ಹೋಗಿಬಿಟ್ಟಿದ್ದರು. ಫಸ್ಟ್ ಗಾಡಿ ತಮ್ಮದೇ ಎಂದು ಅವರಿಗೆ ಆಗಾಗ ಅನಿಸುತ್ತಿತ್ತು. ಗಂಡ ಬಸ್‌ಸ್ಟ್ಯಾಂಡಿನ ಕಡೆ ಓಡಿದರು, ನಾನು ಸವಡಿ ರಸ್ತೆಯ ಕಡೆ ಓಡಿದೆ. ಊರು ಮುಗಿದು ಹೊಲ ಶುರುವಾಗುವಲ್ಲಿ ಬೇವಿನ ಮರದ ಕೆಳಗೆ ನಿಂತಿದ್ದರು. ನನ್ನನ್ನು ಕಂಡು "ಗಾಡಿ ಲೇಟ್ ಐತವ್ವ" ಎಂದರು.

ಕೈ ಹಿಡಿದು ತಿರುಗುವಷ್ಟರಲ್ಲಿ ನಾಯಿ ಬಂತು. ಬೊಗಳಲಿಲ್ಲ. ಬಾಲ ಕಾಲಸಂದಿಗೆ ಸಿಕ್ಕಿಸಿಕೊಂಡು, ಬಾಯಲ್ಲಿ ಜೊಲ್ಲು ಸುರಿಸುತ್ತ, ಹಗ್ಗ ಹಿಡಿದು ಎಳೆದ ಹಾಗೆ ನೆಟ್ಟಗೆ ಬಂದು ಮಾವನ ಮೀನಖಂಡಕ್ಕೆ ಬಾಯಿ ಹಾಕಿತು. ನಾನು ಚಪ್ಪಲಿ ತೆಗೆದು ಅದರ ಮುಖಕ್ಕೆ ಹೊಡೆದೆ. ಅದು ಅವರನ್ನು ಬಿಟ್ಟು ನನ್ನ ಮುಂಗೈ ಹಿಡಿಯಿತು. ಚಕ್ಕಡಿ ಹೊಡೆದುಕೊಂಡು ಹೊಲಕ್ಕೆ ಹೊರಟಿದ್ದ ಇಬ್ಬರು ಬಡಿಗೆ ತಗೊಂಡು ಓಡಿ ಬಂದು ಅದನ್ನು ಬೆನ್ನಟ್ಟಿ ಹೊಲದ ಬದುವಿನಲ್ಲಿ ಕೊಂದರು. ಅದು ಹಿಂದಿನ ದಿನವೇ ಒಂದು ಎಮ್ಮೆ ಕರುವನ್ನೂ ಕಚ್ಚಿತ್ತು ಎಂದು ಆಮೇಲೆ ಗೊತ್ತಾಯಿತು.

ಮನೆಗೆ ಬಂದು ಇಬ್ಬರ ಗಾಯಕ್ಕೂ ಸಬಕಾರ ಹಚ್ಚಿ, ಹರಿಯುವ ನೀರಿನಲ್ಲಿ ಬಹಳ ಹೊತ್ತು ತೊಳೆದೆ. ಸುಣ್ಣ ಹಚ್ಚು, ಖಾರದಪುಡಿ ಹಚ್ಚು ಎಂದವರ ಮಾತು ಕೇಳಲಿಲ್ಲ. ಸೂಜಿ, ಹನಿ, ಲಸಿಕೆ ಇವುಗಳ ಮೇಲೆ ನನಗೆ ದೇವರ ಮೇಲಿದ್ದಷ್ಟೇ ನಂಬಿಕೆ. ನಮ್ಮ ಓಣಿಯ ಒಂದು ಮಗುವೂ ಗೋಬರದ, ಅಂದರೆ ದಡಾರದ, ಸೂಜಿ ತಪ್ಪಿಸಿಕೊಂಡದ್ದಿಲ್ಲ.

ಆಗ ಸರ್ಕಾರಿ ದವಾಖಾನೆಗಳಲ್ಲಿ ನಾಯಿ ಕಡಿತಕ್ಕೆ ಎಲ್ಲ ಕಡೆಯೂ ಒಂದೇ ಔಷಧ. ಕುರಿಯ ಮೆದುಳಿನಲ್ಲಿ ತಯಾರಿಸಿದ್ದು. ಹೊಟ್ಟೆಯ ಸುತ್ತ, ದಿನಕ್ಕೊಂದರಂತೆ ಹದಿನಾಲ್ಕು. ಸೂಜಿ ಚುಚ್ಚುವ ನರ್ಸಮ್ಮನಿಗೆ ನಾನು ಮೊದಲ ದಿನವೇ ಹೇಳಿದ್ದೆ: "ಸಣ್ಣಾಕಿದ್ದಾಗೂ ನನಗ ಹದಿನಾಕು ಆಗ್ಯಾವ್ರೀ."

"ಹಂಗಾರ ನಿಮಗ ರೂಢಿ ಐತಿ ಬಿಡ್ರಿ" ಎಂದು ನಕ್ಕರು.

ನಾನೂ ನಕ್ಕೆ. ಒಮ್ಮೆ ಹಾಕಿಸಿಕೊಂಡವಳಿಗೆ ಮತ್ತೊಮ್ಮೆ ಹಾಕಿದರೆ ಬಲ ಹೆಚ್ಚೇ ಆಗುತ್ತದೆ ಎಂದು ನನ್ನ ಲೆಕ್ಕ. ಮಕ್ಕಳಿಗೆ ಬೂಸ್ಟರ್ ಯಾಕೆ ಎಂದು ತಾಯಂದಿರಿಗೆ ನಾನು ಹಾಗೆಯೇ ಹೇಳಿಕೊಡುತ್ತಿದ್ದೆ. ನರ್ಸಮ್ಮನದೂ ತಪ್ಪಿಲ್ಲ, ನನ್ನದೂ ತಪ್ಪಿಲ್ಲ. ಅಂದು ಅದಕ್ಕಿಂತ ಹೆಚ್ಚು ನಮಗೆ ತಿಳಿದಿರಲಿಲ್ಲ.

ಕಷ್ಟವಾದದ್ದು ಮಾವನದು. ನಾಯಿ ಕಡಿದದ್ದೇ ಅವರಿಗೆ ನೆನಪಿಲ್ಲ. ಹೀಗಾಗಿ ದಿನಾ ಅದು ಮೊದಲ ಸೂಜಿ. ದಿನಾ ಹೊಸ ಗಾಬರಿ. "ಯಾಕ ಚುಚ್ಚತೀರಿ? ನಾ ಏನ್ ಮಾಡೀನಿ?" ಎಂದು ಅಂಗಿ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದರು. ನಾನು ಮೊದಲು ಮಲಗಿ, ಹೊಟ್ಟೆ ತೋರಿಸಿ, ಸೂಜಿ ಚುಚ್ಚಿಸಿಕೊಂಡು ನಗುತ್ತಿದ್ದೆ. "ನೋಡ್ರಿ ಮಾವಾರ, ಏನೂ ಆಗಂಗಿಲ್ಲ." ಆಮೇಲೆ ಅವರನ್ನು ಇಬ್ಬರು ಹಿಡಿಯಬೇಕಾಗುತ್ತಿತ್ತು.

ಹತ್ತನೆಯದೋ ಹನ್ನೊಂದನೆಯದೋ ಸೂಜಿಯ ದಿನ ನನಗೆ ಜ್ವರ ಬಂತು. ತಲೆನೋವು ಹಿಂದಲೆಯಿಂದ ಎದ್ದು ಕಣ್ಣಿನ ತನಕ ಬಂದಿತ್ತು. ಮರುದಿನ ಚಪ್ಪಲಿ ಮೆಟ್ಟಿದರೆ ಅಂಗಾಲಿಗೆ ಅದು ತಿಳಿಯಲೇ ಇಲ್ಲ. ಹತ್ತಿಯ ಮೇಲೆ ಕಾಲಿಟ್ಟಂತೆ. ಸಂಜೆ ಮೂತ್ರಕ್ಕೆ ಹೋಗಿ ಕೂತರೆ ಬರಲಿಲ್ಲ. ಹೊಟ್ಟೆ ಉಬ್ಬಿ ಒಡೆಯುವಂತಿದ್ದರೂ ಒಂದು ಹನಿ ಇಲ್ಲ. ಬಚ್ಚಲ ಗೋಡೆ ಹಿಡಿದು ಏಳಲು ನೋಡಿದೆ. ಕಾಲು ಏಳಲಿಲ್ಲ. "ರೀ" ಎಂದು ಕೂಗಿದೆ. ನನ್ನ ದನಿ ನನಗೇ ಕುಡಿದವರ ದನಿಯ ಹಾಗೆ ಕೇಳಿಸಿತು.

ನಮ್ಮ ಮನೆಯ ಬಾಜೂಕ ಮುಮ್ತಾಜ್ ಇರುತ್ತಾಳೆ. ಗಜೇಂದ್ರಗಡದ ಸಂತೆಯಲ್ಲಿ ಅವಳ ಬಳೆ ವ್ಯಾಪಾರ. ಕೂಗು ಕೇಳಿ ಮೊದಲು ಓಡಿ ಬಂದವಳು ಅವಳು. ನನ್ನನ್ನು ಜೀಪಿನಲ್ಲಿ ಮಲಗಿಸುವಾಗ ಅವಳು ಬಸವರಾಜರಿಗೆ ಹೇಳಿದ ಮಾತು ಈಗಲೂ ಕಿವಿಯಲ್ಲಿದೆ: "ಅಣ್ಣಾ, ಅಜ್ಜಾರನ್ನೂ ಅಕ್ಷತಾನ್ನೂ ನನಗ ಬಿಡ್ರಿ. ಅಕ್ಕನ್ನ ತಿರುಗಿ ಕರಕೊಂಡ ಬರ್ರಿ."

ಅಕ್ಷತಾ ಜೀಪಿನ ಹತ್ತಿರ ಬಂದು ನನ್ನ ಮುಖ ಮುಟ್ಟಲು ಕೈ ಚಾಚಿದಳು. ನೆರೆದವರಲ್ಲಿ ಯಾರೋ "ಹುಡುಗಿನ್ನ ಹಿಂದ ಸರಸ್ರಿ, ಬಾಯಿ ಹಾಕಿದ್ರ ಏನ್ ಗತಿ!" ಎಂದರು. ನಾನು. ನನ್ನ ಮಗಳಿಗೆ. ಆ ಮಾತಿಗೆ ನನಗೆ ಸಿಟ್ಟು ಬರಲಿಲ್ಲ. ಅವರು ಹೇಳುವುದು ನಿಜವಾಗಿದ್ದರೆ ಎಂದು ನಾನೇ ಮುಖ ಆಚೆ ತಿರುಗಿಸಿದೆ.

ಹುಬ್ಬಳ್ಳಿಯಲ್ಲಿ ನನ್ನನ್ನು ವಾರ್ಡಿನ ಕೊನೆಯ ಕೋಣೆಯಲ್ಲಿ ಇಟ್ಟರು. ಮೂತ್ರಕ್ಕೆ ನಳಿಗೆ ಹಾಕಿದರು. ಬೆನ್ನಿನಿಂದ ನೀರು ತೆಗೆದರು. ತಟ್ಟೆ ಲೋಟ ಬೇರೆ ಇಟ್ಟರು. ಆಯಾ ನನ್ನ ಹಾಸಿಗೆಯ ಬಟ್ಟೆಯನ್ನು ಎರಡು ಬೆರಳಿನಲ್ಲಿ ಎತ್ತುತ್ತಿದ್ದಳು. ಒಂದೊಂದು ವಸ್ತು ಎರಡೆರಡಾಗಿ ಕಾಣುತ್ತಿದ್ದುದರಿಂದ ಬಾಗಿಲಲ್ಲಿ ಬಂದವರು ಒಬ್ಬರೋ ಇಬ್ಬರೋ ತಿಳಿಯುತ್ತಿರಲಿಲ್ಲ.

ಪಕ್ಕದ ಕೋಣೆಯಲ್ಲಿ ಒಬ್ಬ ಗಂಡಸಿದ್ದ. ನರಗುಂದದ ಕಡೆಯ ಕೂಲಿಯವನು ಎಂದು ಆಮೇಲೆ ತಿಳಿಯಿತು. ಎರಡು ತಿಂಗಳ ಹಿಂದೆ ನಾಯಿ ಕಡಿದಿತ್ತಂತೆ. ಗಾಯ ಸಣ್ಣದೆಂದು ಸೂಜಿ ಹಾಕಿಸಿರಲಿಲ್ಲ. ಫ್ಯಾನಿನ ಗಾಳಿ ತಗುಲಿದರೆ ಅವನ ಗಂಟಲಿನಿಂದ ಒಂದು ಸದ್ದು ಬರುತ್ತಿತ್ತು. ಉಸಿರು ಒಳಕ್ಕೆ ಎಳೆದುಕೊಳ್ಳಲು ಹೋಗಿ ಅದು ಅರ್ಧಕ್ಕೇ ಕಡಿದುಬಿದ್ದಂತೆ. ಯಾರೋ ಫ್ಯಾನ್ ಆರಿಸಿದರೆ ನಿಲ್ಲುತ್ತಿತ್ತು. ನಾನು ನನ್ನ ತಲೆಯ ಮೇಲೆ ತಿರುಗುವ ಫ್ಯಾನ್ ನೋಡುತ್ತ, ಗಾಳಿ ಮುಖಕ್ಕೆ ತಗುಲಿದಾಗ ನನ್ನ ಗಂಟಲು ಏನು ಮಾಡುತ್ತದೆ ಎಂದು ಕಾಯುತ್ತಿದ್ದೆ. ಗಂಟಲು ಸುಮ್ಮನಿತ್ತು. ಆದರೂ ಕಾಯುತ್ತಿದ್ದೆ.

ಅವನ ಹೆಂಡತಿ ಒಮ್ಮೆ ನಮ್ಮ ಬಾಗಿಲಿಗೆ ಬಂದು ನಿಂತಳು. "ಇವರಿಗೂ ನಾಯಿ ಏನ್ರಿ?" ಎಂದು ನನ್ನ ಗಂಡನನ್ನು ಕೇಳಿದಳು.

"ಹೌದವ್ವ. ಸೂಜಿ ಹಾಕಿಸಿದ್ವಿ. ಆದ್ರೂ ಹಿಂಗಾಗೈತಿ."

ಅವಳು ನನ್ನನ್ನು ನೋಡಿದಳು. ಗಂಡನಿಗೆ ಸೂಜಿ ಹಾಕಿಸಿದ್ದರೆ ಉಳಿಯುತ್ತಿದ್ದ ಎಂದು ಅವಳು ಅಂದುಕೊಂಡಿರಬೇಕು. ನನ್ನನ್ನು ಕಂಡ ಮೇಲೆ ಆ ದುಃಖವೂ ಅವಳಿಗೆ ನೆಟ್ಟಗೆ ಸಿಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಹೋದಳು. ಮಧ್ಯಾಹ್ನದ ಹೊತ್ತಿಗೆ ಆ ಕೋಣೆಯಲ್ಲಿ ಸದ್ದು ನಿಂತಿತು. ಫ್ಯಾನ್ ಆರಿಸಿದ್ದಾರೆ ಎಂದುಕೊಂಡೆ. ಆಮೇಲೆ ಅವಳ ಅಳು ಕೇಳಿಸಿತು.

ಅವತ್ತೇ ಡಾಕ್ಟರ್ ಬಾಯಿ ಬಂದರು. ಮಾವನನ್ನು ನೋಡಿದ್ದವರೇ. ನನ್ನ ಕಾಲಿನ ಮೇಲೆ ಬೀಗದ ಕೈ ಎಳೆದರು, ಸೂಜಿಯ ತುದಿ ಮುಟ್ಟಿಸಿದರು. ಹೊಕ್ಕುಳಿನ ಕೆಳಗೆ ನನಗೆ ಏನೂ ತಿಳಿಯುತ್ತಿರಲಿಲ್ಲ. ನನ್ನ ಗಂಡನನ್ನು ಹೊರಗೆ ಕರೆಯಲಿಲ್ಲ. ನನ್ನ ಮುಂದೆಯೇ ಹೇಳಿದರು.

"ಬಸವರಾಜ ಅವರ, ನಾ ಮುಚ್ಚಿಡಂಗಿಲ್ಲ. ಎರಡು ಇರಬಹುದು. ಒಂದು, ನಾಯಿ ರೋಗನ ಕಾಲಿನಿಂದ ಶುರುವಾಗಿರಬಹುದು. ಕೆಲವರಿಗೆ ಹಂಗೂ ಆಗತದ, ನೀರಿನ ಅಂಜಿಕಿ ಇಲ್ಲದ. ಇನ್ನೊಂದು, ಸೂಜಿ ಒಳಗಿನ ಕುರಿ ಮೆದುಳಿಗೆ ಇವರ ಮೈ ತಿರುಗಿಬಿದ್ದಿರಬಹುದು. ಅದನ್ನ ಹೊಡಿಯಾಕ ಹೋಗಿ ಇವರದ ನರ, ಇವರದ ಮೆದುಳು ಹೊಡೀಲಿಕ್ಕೆ ಹತ್ತಿರಬಹುದು."

"ಯಾವುದು ಅಂತ ಹ್ಯಾಂಗ ತಿಳೀಬೇಕ್ರಿ?"

"ಅದ ಫಜೀತಿ. ಎರಡನೇದಾದ್ರ ಸ್ಟೀರಾಯ್ಡ್ ಕೊಟ್ಟು ಮೈಯ ಸಿಟ್ಟು ಇಳಿಸಬೇಕು, ಲಗೂ ಇಳಿಸಬೇಕು. ಮೊದಲನೇದಿದ್ದು ನಾ ಸ್ಟೀರಾಯ್ಡ್ ಕೊಟ್ರ, ರೋಗದ ಕೂಡ ಜಗಳಾಡೋ ಶಕ್ತಿನೂ ಕಸಕೊಂಡಂಗ ಆಗತದ."

ಸತ್ತರೆ ಯಾವುದರಿಂದ ಸಾಯುತ್ತೇನೆ ಎನ್ನುವುದೂ ಗೊತ್ತಿಲ್ಲದೆ ಮಲಗಿರುವುದು ಹೇಗಿರುತ್ತದೆ ಎಂದು ಕೇಳಿದರೆ, ನನ್ನ ನೆನಪಿನಲ್ಲಿ ಉಳಿದಿರುವುದು ಗೋಡೆಯ ಮೇಲಿನ ಒಂದು ಬಣ್ಣ ಸುಲಿದ ಗುರುತು. ಅದನ್ನೇ ನೋಡುತ್ತಿದ್ದೆ. ಅದೂ ಎರಡಾಗಿ ಕಾಣುತ್ತಿತ್ತು.

"ಹಿಂದ ಯಾವಾಗಾದ್ರೂ ಇವರಿಗೆ ನಾಯಿ ಸೂಜಿ ಆಗ್ಯಾವೇನು?" ಎಂದು ಡಾಕ್ಟರ್ ಕೇಳಿದರು.

"ಇಲ್ಲ ಅನಸತೈತ್ರಿ" ಎಂದರು ನನ್ನ ಗಂಡ. ಮದುವೆಗೆ ಮುಂಚಿನ ಮಾತು, ಅವರಿಗೆ ಹೇಗೆ ಗೊತ್ತಿರಬೇಕು? ನಾನು ಹೇಳಲು ನೋಡಿದೆ. ನಾಲಿಗೆ ಬಾಯೊಳಗೆ ಒದ್ದೆ ಬಟ್ಟೆಯ ಹಾಗೆ ಬಿದ್ದಿತ್ತು. ನಾನು "ಆಗ್ಯಾವ" ಎಂದರೆ ಅವರಿಗೆ ನರಳಿದಂತೆ ಕೇಳಿಸಿತು. "ತ್ರಾಸ್ ಆಗತೈತೇನ?" ಎಂದು ನನ್ನ ಹಣೆ ಸವರಿದರು. ಕಣ್ಣಲ್ಲಿ ನೀರು ಬಂತು. ಅದನ್ನೂ ಅವರು ನೋವು ಎಂದೇ ತಿಳಿದರು.

ಬೆಳವಣಕಿಯಿಂದ ಅವ್ವ ಬಂದದ್ದು ಆ ಸಂಜೆ. ಕೋಣೆಗೆ ಬಂದವಳೇ ಆಯಾ ಬೇಡವೆಂದರೂ ಕೇಳದೆ ಹಾಸಿಗೆಯ ಮೇಲೆ ಕೂತು ನನ್ನ ತಲೆ ತೊಡೆಯ ಮೇಲಿಟ್ಟುಕೊಂಡಳು. "ಕಡಿಯಾಕಿದ್ರ ನನ್ನ ಕಡೀಲಿ. ನಾನ ಹಡದೀನಿ" ಎಂದಳು. ಅಷ್ಟು ದಿನದಲ್ಲಿ ನನ್ನನ್ನು ಅಂಜದೆ ಮೈಗೊತ್ತಿಕೊಂಡವಳು ಅವಳೊಬ್ಬಳೇ.

ಡಾಕ್ಟರ್ ಮತ್ತೆ ಬಂದಾಗ ಅವ್ವನನ್ನೂ ಅದೇ ಮಾತು ಕೇಳಿದರು.

"ಆಗ್ಯಾವಲ್ರಿ! ಪುರ್ತಗೇರ್ಯಾಗ ನಮ್ಮಣ್ಣನ ಮನಿ ಐತ್ರಿ. ಸಾಲಿ ಸೂಟಿ ಬಿಟ್ಟಾಗ ಅಲ್ಲಿಗೆ ಕಳಿಸಿದ್ದೆ. ಅಲ್ಲಿ ನಾಯಿ ಹಿಡೀತು. ನಮ್ಮಣ್ಣ ದಿನಾ ಗಜೇಂದ್ರಗಡಕ್ಕ ಹೊತಕೊಂಡ ಹೋಗಿ ಹದಿನಾಕೂ ಹಾಕಿಸ್ಯಾನ."

"ಆವಾಗ ಏನಾದ್ರೂ ತೊಂದ್ರಿ ಆಗಿತ್ತೇನವ್ವಾ? ನೆನಪ ಮಾಡಕೊಂಡು ಹೇಳ್ರಿ."

ಅವ್ವ ನನ್ನ ಕೂದಲಲ್ಲಿ ಬೆರಳಾಡಿಸುತ್ತ ನೆನೆದಳು. "ಕಡೇಕ ಕಾಲು ಜುಮು ಜುಮು ಅಂತಾವ ಅಂತ ಅಳತಿತ್ರಿ ಕೂಸು. ನಡ್ಯಾಕ ಒಲ್ಲೆ ಅಂತಿತ್ತು. ಎತ್ತಕೊಳ್ಳಲಿ ಅಂತ ಹಟಾ ಮಾಡತೈತಿ ಅಂದ್ಕೊಂಡಿದ್ವಿ. ತಿಂಗಳೊಪ್ಪತ್ತಿಗೆ ತಾನ ಚಲೋ ಆತು."

ಡಾಕ್ಟರ್ ಬಾಯಿ ಕುರ್ಚಿಯಿಂದ ಎದ್ದು ನಿಂತರು. "ಇಷ್ಟು ಸಾಕು" ಎಂದರು. ಆಮೇಲೆ ನನ್ನ ಗಂಡನ ಕಡೆ ತಿರುಗಿ ಹೇಳಿದರು: "ಮೈ ಒಮ್ಮೆ ಕಂಡದ್ದನ್ನ ಮರೆಯೂದಿಲ್ಲ. ಸಣ್ಣಾಕಿದ್ದಾಗ ಆ ಮೆದುಳನ್ನ ವೈರಿ ಅಂತ ಗುರುತು ಹಿಡದು ಇಟಗೊಂಡದ. ಇಷ್ಟ ವರ್ಷ ಆದ ಮ್ಯಾಲ ಅದ ವೈರಿ ಮತ್ತ ಬಂತು ನೋಡ್ರಿ, ಹಳೇ ಸಿಟ್ಟು ಎದ್ದು ನಿಂತಿತು. ಕುರಿ ಮೆದುಳಿಗೂ ನಮ್ಮ ಮೆದುಳಿಗೂ ಅದಕ್ಕ ಫರಕ ತಿಳಿಯೂದಿಲ್ಲ. ನೂರಕ್ಕ ನೂರು ಅಂತ ನಾ ಹೇಳಂಗಿಲ್ಲ. ಆದ್ರ ನನ್ನ ಮನಸು ಈ ಕಡೆ ವಾಲತದ."

ಆಮೇಲೆ ಅವರು ನನ್ನ ಕಿವಿಯ ಹತ್ತಿರ ಬಗ್ಗಿದರು. "ಸುಮಂಗಲಾ, ಸ್ಟೀರಾಯ್ಡ್ ಶುರು ಮಾಡಲೇನು? ಕುರಿ ಔಷಧ ಬಂದ್ ಮಾಡತೀನಿ. ಅದರ ಬದಲಿ, ಮೆದುಳಿಲ್ಲದ ಬ್ಯಾರೆ ಲಸಿಕಿ ತೋಳಿಗೆ ಕೊಡತೀನಿ. ಹೂಂ ಅನ್ನೂದಾದ್ರ ಕಣ್ಣು ಮುಚ್ಚು."

ಇನ್ನೊಂದು ಲಸಿಕೆ. ನಾಯಿಗಿಂತ, ಪಕ್ಕದ ಕೋಣೆಯ ಸದ್ದಿಗಿಂತ ಆ ಮಾತಿಗೆ ನಾನು ಹೆಚ್ಚು ಅಂಜಿದೆ. ಆ ಹೆದರಿಕೆಯಲ್ಲಿ ನನ್ನ ಕಣ್ಣು ಮುಚ್ಚಲೇ ಇಲ್ಲ, ಅಗಲವಾಗಿ ತೆರೆದೇ ಇತ್ತು. ಅವರು ಅವಸರ ಮಾಡಲಿಲ್ಲ. ಅವ್ವನ ತೊಡೆ ಬಿಸಿ ಇತ್ತು. ನಾನು ಕಣ್ಣು ಮುಚ್ಚಿದೆ.

ಆಮೇಲಿನ ದಿನಗಳು ಬರೀ ಕಾಯುವುದು. ಬಾಟಲಿಯಿಂದ ಔಷಧ ಹನಿಹನಿಯಾಗಿ ಇಳಿಯುತ್ತಿತ್ತು. ಬೆಳಿಗ್ಗೆ ಗಂಡ ಲೋಟ ಹಿಡಿದು ಬರುತ್ತಿದ್ದರು. ಅವ್ವ ನನ್ನ ಕಾಲ ಬೆರಳುಗಳ ಎದುರಿಗೆ ಕೂತು, ಒಲೆಯ ಮೇಲಿನ ಹಾಲು ಕಾಯುವವಳ ಹಾಗೆ ಅವುಗಳನ್ನೇ ನೋಡುತ್ತಿದ್ದಳು. ಒಂದು ಮಧ್ಯಾಹ್ನ "ಏ ಬಸವರಾಜಾ, ಬಾ ಇಲ್ಲೆ!" ಎಂದು ಕಿರುಚಿದಳು. ಎಡಗಾಲಿನ ಹೆಬ್ಬೆರಳು ಅಲುಗಿತಂತೆ. ನನಗೆ ಅದು ತಿಳಿಯಲೇ ಇಲ್ಲ. ಮತ್ತೊಮ್ಮೆ ಮಾಡು, ಮತ್ತೊಮ್ಮೆ ಮಾಡು ಎಂದರು. ನಾನು ಹಲ್ಲು ಕಚ್ಚಿ ಪ್ರಯತ್ನಿಸಿದೆ. ಗಂಡನ ಮುಖ ನೋಡಿದೆ. ಅವರು ಲೋಟ ಕಿಟಕಿಯ ಮೇಲಿಟ್ಟು ಹೊರಗೆ ಹೋಗಿಬಿಟ್ಟರು. ವಾರ್ಡಿನ ಬಾಗಿಲ ಆಚೆ ಅವರು ಅತ್ತದ್ದು ಇಡೀ ವಾರ್ಡಿಗೆ ಕೇಳಿಸಿತು.

ನನ್ನನ್ನು ಊರಿಗೆ ತಂದದ್ದು ಎತ್ತಿಕೊಂಡು. ಮಾವ ಹದಿನಾಲ್ಕೂ ಮುಗಿಸಿ ಕಲ್ಲುಗುಂಡಿನ ಹಾಗೆ ಗಟ್ಟಿಯಾಗಿ ಕೂತಿದ್ದರು. ಅದೇ ಔಷಧ, ಅದೇ ನರ್ಸು, ಅದೇ ದಿನಗಳು. ಅವರಿಗೆ ಈ ಸೂಜಿ ಮೊದಲೆಂದೂ ಆಗಿರಲಿಲ್ಲ. ನನಗೆ ಆಗಿತ್ತು. ವ್ಯತ್ಯಾಸ ಅಷ್ಟೇ. ನಾನಿಲ್ಲದಾಗ ಮುಮ್ತಾಜ್ ದಿನಾ ಅವರನ್ನು ಸೂಜಿಗೆ ಕರೆದುಕೊಂಡು ಹೋಗಿದ್ದಳು. "ಹ್ಯಾಂಗ ಒಪ್ಪಿಸಿದಿ?" ಎಂದು ಕೇಳಿದೆ.

"ಚೆಕಿಂಗ್ ಆಫೀಸರ್ ಬಂದಾರ, ಅಂಗಿ ಎತ್ತಿ ತೋರಸಬೇಕಂತ ಅಂತಿದ್ದೆ ಅಕ್ಕಾ. ಲಗೂನ ಎತ್ತತಿದ್ರು" ಎಂದು ನಕ್ಕಳು. ಆಸ್ಪತ್ರೆ ಬಿಟ್ಟ ಮೇಲೆ ನಾನು ಮೊದಲು ನಕ್ಕದ್ದು ಆಗ. ಅಕ್ಷತಾ ಬಾಗಿಲಲ್ಲೇ ನಿಂತಿದ್ದಳು. ಕರೆದರೂ ಬರಲಿಲ್ಲ. ಅವ್ವ ನನ್ನ ಬಾಯಿಗೆ ತುತ್ತಿಟ್ಟು, ಅದೇ ತಟ್ಟೆಯಿಂದ ತಾನೂ ಉಂಡು ತೋರಿಸಿದ ಮೇಲೆ ಮಗಳು ಮೆಲ್ಲಗೆ ಬಂದು ನನ್ನ ಪಕ್ಕ ಕೂತಳು.

ಮೊದಲು ಗೋಡೆ ಹಿಡಿದು, ಆಮೇಲೆ ಕೋಲು ಹಿಡಿದು, ಆಮೇಲೆ ಏನೂ ಹಿಡಿಯದೆ ನಡೆಯಲು ವರ್ಷ ಹಿಡಿಯಿತು. ಈಗಲೂ ದಣಿದರೆ ಎಡಗಾಲು ಎಳೆಯುತ್ತದೆ. ಅಂಗನವಾಡಿಗೆ ಮತ್ತೆ ಹೋದೆ. ಸೂಜಿಯ ದಿನ ಒಬ್ಬ ತಾಯಿ ಕೂಸನ್ನು ಸೆರಗಿನೊಳಗೆ ಮುಚ್ಚಿಕೊಂಡು "ಟೀಚರ್, ಸೂಜಿಲೆ ನಿಮಗ ಹಿಂಗಾತಲ್ರಿ. ನಮ್ಮ ಕೂಸಿಗೆ ಬ್ಯಾಡ್ರಿ" ಎಂದಳು. ಅದು ಬೇರೆ ಸೂಜಿ, ಇದು ಬೇರೆ, ಇದರಲ್ಲಿ ಮೆದುಳಿಲ್ಲ ಎಂದು ವಿವರಿಸಿದೆ. ಪಕ್ಕದ ಕೋಣೆಯ ಗಂಡಸಿನ ಕಥೆಯನ್ನೂ ಹೇಳಿದೆ. ಕೊನೆಗೆ ಕೂಸನ್ನು ನಾನೇ ತೊಡೆಯ ಮೇಲೆ ಹಿಡಿದುಕೊಂಡೆ. ಸೂಜಿ ಕೂಸಿನ ತೊಡೆಗೆ ಇಳಿಯುವಾಗ ನನ್ನ ಹೊಟ್ಟೆಯ ಸುತ್ತ ಚರ್ಮ ಬಿಗಿಯಿತು. ಆ ತಾಯಿಗೆ ತಿಳಿಯದಿರಲೆಂದು ನಗುತ್ತ ಕೂತಿದ್ದೆ.

ಎರಡು ಮೂರು ವರ್ಷ ಕಳೆದವು. ಮಾವನಿಗೆ ಮನೆ ಯಾವುದು, ಮಗ ಯಾರು ತಿಳಿಯದಂತಾಯಿತು. ಒಂದು ದಿನ ನನ್ನ ಗಂಡ ಅಂಗಡಿಯಿಂದ ಪೇಪರಿನ ಹಾಳೆಯೊಂದನ್ನು ಮಡಿಸಿಕೊಂಡು ಓಡುತ್ತ ಬಂದರು. "ಸುಮಾ, ಮರೆವಿನ ರೋಗಕ್ಕ ಲಸಿಕಿ ಹುಡಕಾಕತ್ಯಾರಂತ, ನೋಡಿಲ್ಲೆ! ಪರದೇಶದಾಗ ಪರೀಕ್ಷೆ ನಡದೈತಂತ." ಅವರ ಮುಖದಲ್ಲಿ ಅಂಥ ಬೆಳಕನ್ನು ನಾನು ಬಹಳ ದಿನದಿಂದ ಕಂಡಿರಲಿಲ್ಲ. ನಾನು ಮಾತ್ರ ಒಂದೇ ಮಾತನ್ನು ಮತ್ತೆ ಮತ್ತೆ ಓದಿದೆ. ಮೆದುಳಿಗಾಗಿ ಲಸಿಕೆ. ಆದರೂ ಮಾವನನ್ನು ಕರೆದುಕೊಂಡು ಹುಬ್ಬಳ್ಳಿಗೆ ಹೋದೆವು.

ಡಾಕ್ಟರ್ ಬಾಯಿ ಹಾಳೆಯನ್ನು ಪೂರ್ತಿ ಓದಿ ಟೇಬಲ್ ಮೇಲಿಟ್ಟರು. "ಈ ರೋಗದಾಗ ಮೆದುಳೊಳಗ ಒಂದು ಥರದ ಹೊಲಸು ಕೂಡತದ. ಅದನ್ನ ಮೈಯ ಕಡೆಯಿಂದನ ಬಳಿಸಿ ತಗಸೂಣು ಅಂತ ಅವರ ವಿಚಾರ. ಮೊದಲನೇ ಲಸಿಕಿ ಕೊಟ್ಟು ನೋಡಿದ್ರು. ಕೆಲವರಿಗೆ ಮೆದುಳಿಗೆ ಬಾವು ಬಂತು. ಅರ್ಧಕ್ಕ ನಿಲ್ಲಿಸಿದ್ರು." ನನ್ನ ಕಡೆ ನೋಡಿದರು. "ಸುಮಂಗಲಾಗ ಆದಂಥದ. ಪೂರಾ ಅದ ಅಲ್ಲ, ಆದ್ರ ಆ ಜಾತೀದು."

"ಈಗ ಮತ್ತ ಹುಡಕಾಕತ್ಯಾರಂತಲ್ರಿ?"

"ಹೌದು. ಆ ಹೊಲಸಿಂದು ಸಣ್ಣ ತುಣುಕಷ್ಟ ತಗೊಂಡು, ಮೈಗೆ ಮೊದಲ ಗುರುತಿರೋ ಯಾವುದರ ಜೋಡಿಗಾದ್ರೂ ಕಟ್ಟಿ ಕೊಡೂಣು ಅಂತ ಕೆಲವರು ನೋಡ್ಲಿಕ್ಕೆ ಹತ್ಯಾರ. ಈಗ ಧನುರ್ವಾಯು ಸೂಜಿ ಎಲ್ಲಾರಿಗೂ ಆಗಿರತದಲ್ಲ, ಅಂಥಾದ್ದು. ಹಳೇ ನೆನಪು ಎದ್ದು ಬಂದು ಈ ಹೊಸ ಕೆಲಸಕ್ಕ ಕೈ ಹಚ್ಚಲಿ ಅಂತ. ವಯಸ್ಸಾದವರ ಮೈ ಹೊಸದನ್ನ ಲಗೂ ಕಲಿಯೂದಿಲ್ಲ ನೋಡ್ರಿ. ಅದಕ್ಕ."

"ಹಂಗಾರ ಮೊದಲ ಆಗಿದ್ದು ಚಲೋನ ಆತಲ್ರಿ?" ಎಂದರು ನನ್ನ ಗಂಡ.

"ಒಮ್ಮೊಮ್ಮೆ ಚಲೋ, ಒಮ್ಮೊಮ್ಮೆ ಘಾತ. ಏನನ್ನ ನೆನಪಿಟ್ಟದ ಅನ್ನೂದರ ಮ್ಯಾಲ."

"ಮುಂದ ಆ ಲಸಿಕಿ ಖರೇನ ಬಂದ್ರ, ನಮ್ಮಪ್ಪಗ ಕೊಡತೀರೇನ್ರಿ?"

ಅವರು ಮಾವನ ಕಡೆ ನೋಡಿದರು. ಮಾವ ಮೇಜಿನ ಮೇಲಿದ್ದ ಕಾಗದದ ತುಂಡನ್ನು ಸಣ್ಣ ಸಣ್ಣದಾಗಿ ಹರಿದು ಸಾಲಾಗಿ ಇಡುತ್ತಿದ್ದರು. "ಇವರಿಗೂ ಹದಿನಾಕು ಆಗ್ಯಾವ, ಕುರಿ ಮೆದುಳಿಂದು" ಎಂದರು ಡಾಕ್ಟರ್. "ಇವರ ಮೈ ಒಳಗ ಯಾವ ಸಿಟ್ಟು ಮಲಗೇದ ನನಗ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ನೀವು ಖರೇ ಕೇಳಿದ್ರ, ಇವರಿಗಾಗಲಿ ಸುಮಂಗಲಾಗಾಗಲಿ ಅಂಥಾದ್ದು ಕೊಡ್ಲಿಕ್ಕೆ ನಾ ಅಂಜತೀನಿ."

ಡಾಕ್ಟರ್ ಒಬ್ಬರು ಅಂಜುತ್ತೇನೆ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಬಸ್ಸಿನಲ್ಲಿ ನನ್ನ ಗಂಡ ಆ ಹಾಳೆಯನ್ನು ಕಿಟಕಿಯಿಂದ ಬಿಟ್ಟುಬಿಟ್ಟರು. ನನಗೆ ಹೊಸದೊಂದು ಭಯ ಹೊಕ್ಕಿತು. ಅಂಗನವಾಡಿಯಲ್ಲಿ ಒಂದು ಮಗುವಿನ ಹೆಸರು ಬಾಯಿಗೆ ಬರದಿದ್ದರೆ ಎದೆ ಧಸಕ್ಕೆನ್ನುತ್ತದೆ. ನನಗೂ ಆ ರೋಗ ಬಂದರೆ? ಅಷ್ಟರಲ್ಲಿ ಅದಕ್ಕೆ ಲಸಿಕೆ ಬಂದಿದ್ದರೆ? ಎಲ್ಲರೂ ಸಾಲು ಹಚ್ಚಿ ನಿಂತಾಗ ನಾನು ಮಾತ್ರ ಹೊರಗೆ ನಿಲ್ಲಬೇಕಾದೀತೇ? ಇಂಥ ಭಯ ಇರುವವರು ನಾನೊಬ್ಬಳೇ ಅಲ್ಲ ಎಂದುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಮಾವ ಬದುಕಿದ್ದ ಕೊನೆಯ ಬೇಸಿಗೆಯಲ್ಲಿ ಹಿತ್ತಲಲ್ಲಿ ತಗಡಿನ ಅಂಚು ತುಳಿದು ಅಂಗಾಲು ಸೀಳಿಕೊಂಡರು. ಧನುರ್ವಾಯು ಸೂಜಿ ಹಾಕಿಸಲೇಬೇಕಿತ್ತು. ಅದರಲ್ಲಿ ಅಂಜುವಂಥದ್ದು ಏನೂ ಇಲ್ಲ, ಧೈರ್ಯವಾಗಿ ಹಾಕಿಸಿ ಎಂದು ಡಾಕ್ಟರ್ ಬಾಯಿ ಎಂದೋ ಹೇಳಿದ್ದರು. ನನಗೂ ಅದು ಗೊತ್ತಿತ್ತು. ಎಷ್ಟೋ ಜನರನ್ನು ಅದಕ್ಕಾಗಿ ಬೈದು ಕಳಿಸಿದವಳು ನಾನು. ಆದರೂ ದವಾಖಾನೆಯ ಬೆಂಚಿನ ಮೇಲೆ ಅವರ ಪಕ್ಕ ಕೂತು, ಅವರ ತೋಳು ಹಿಡಿದುಕೊಂಡು, ನರ್ಸಮ್ಮ ಔಷಧ ಎಳೆಯುವುದನ್ನು ನೋಡುತ್ತಿದ್ದಂತೆ ನನ್ನ ಕೈ ಗಡಗಡ ನಡುಗತೊಡಗಿತು. ನಿಲ್ಲಿಸಲು ಆಗಲಿಲ್ಲ. ಅವರು ಹೊಡೆದಾಡುತ್ತಾರೆ, ಗಟ್ಟಿ ಹಿಡಿಯಬೇಕು ಎಂದುಕೊಂಡೆ. ಹಿಡಿಯುವ ಶಕ್ತಿಯೇ ಇರಲಿಲ್ಲ.

ಮಾವ ನಡುಗುತ್ತಿದ್ದ ನನ್ನ ಕೈಯನ್ನು ನೋಡಿದರು. ಆಮೇಲೆ ಮುಖ ನೋಡಿದರು.

"ಯಾರ ಮಗಳವ್ವ ನೀನು?" ಎಂದರು.

ಅವರು ತಮ್ಮ ಇನ್ನೊಂದು ಕೈಯನ್ನು ತಂದು ನನ್ನ ಕೈಯ ಮೇಲಿಟ್ಟು ಒತ್ತಿ ಹಿಡಿದರು.

"ಅಂಜಬ್ಯಾಡವ್ವ" ಎಂದರು. "ಇರಿವಿ ಕಡದಂಗ ಆಗತೈತಿ, ಅಷ್ಟ. ನಾ ಅದೀನಿ, ಇಲ್ಲೇ ಕುಂದರತೀನಿ."

ಸೂಜಿ ಅವರ ತೋಳಿಗೇ ಇಳಿಯಿತು. ಅವರ ಕಣ್ಣು ಮಾತ್ರ ನನ್ನ ಮುಖ ಬಿಟ್ಟು ಕದಲಲಿಲ್ಲ.